ಶಬ್ದಗಳ ವಾರ

“ಹಿಂದೆ ತಿರುಗ್‌ಬಾರ್ದು, ಆಯ್ತಾ? ಎಂತದರ ಶಬ್ದ ಹೇಳಿ ನೋಡುವ.”

ಸೀತೂರಿನ ಅಂಗನವಾಡಿಯಲ್ಲಿ ಆ ವಾರದ ವಿಷಯ ‘ಶಬ್ದಗಳು’. ಮಕ್ಕಳೆಲ್ಲ ಗೋಡೆಗೆ ಮುಖ ಮಾಡಿ ಕೂತಿದ್ದರು. ಬೆನ್ನ ಹಿಂದೆ ಅನ್ನಪೂರ್ಣಮ್ಮ ಟೀಚರ್ ಗಂಟೆ ಬಾರಿಸಿದರು. “ಗಂಟೆ!” ಎಂದು ಮಕ್ಕಳು ಕೂಗಿದರು. ಟೀಚರ್ ಕೀಲಿಗೊಂಚಲು ಅಲುಗಾಡಿಸಿದರು. “ಬೀಗದ ಕೈ!” ಸಿರಿ ಮಾತ್ರ ಪಕ್ಕದವಳ ಕಡೆ ಓರೆಗಣ್ಣಲ್ಲಿ ನೋಡಿ, ಒಂದು ಗಳಿಗೆ ತಡವಾಗಿ ಬಾಯಿ ತೆರೆದಳು.

ನಾಲ್ಕೂವರೆ ವರ್ಷದ ಸಿರಿ ಅನ್ನಪೂರ್ಣಮ್ಮನಿಗೆ ಅಚ್ಚುಮೆಚ್ಚು. ಪ್ರಾಣಿಗಳ ವಾರವಿರಲಿ, ತರಕಾರಿಯ ವಾರವಿರಲಿ, ಚಿತ್ರ ಜೋಡಿಸುವುದರಲ್ಲಿ ಅವಳೇ ಮೊದಲು. ಗಲಾಟೆಯಿಲ್ಲ, ಹಟವಿಲ್ಲ. ‘ಮಾತು ಕಡಿಮೆ, ನಾಚಿಕೆ ಸ್ವಭಾವ’ ಎಂದು ಎರಡು ವರ್ಷವೂ ಅವಳ ಹೆಸರಿನ ಮುಂದೆ ಬರೆದಿದ್ದರು.

ಆ ತಡ ಕಣ್ಣಿಗೆ ಬಿದ್ದು, ಈಗ ಅವಳೊಬ್ಬಳನ್ನೇ ಗೋಡೆಯ ಕಡೆ ಕೂರಿಸಿ, ಸ್ಟೀಲಿನ ತಟ್ಟೆಗೆ ಸೌಟಿನಿಂದ ಬಲವಾಗಿ ಬಡಿದರು. ಅಡುಗೆಮನೆಯಿಂದ ಸಹಾಯಕಿ ಭೈರಮ್ಮ ಓಡಿಬಂದಳು.

“ಎಂತ ಆಯ್ತು ಟೀಚರೇ?”

ಸಿರಿ ಗೋಡೆ ನೋಡುತ್ತಾ, ಆಟ ಶುರುವಾಗಲೆಂದು ಕಾಯುತ್ತಿದ್ದಳು.

ಮಧ್ಯಾಹ್ನ ಕರೆದೊಯ್ಯಲು ಬಂದ ತಾಯಿ ರಶ್ಮಿಗೆ ಅನ್ನಪೂರ್ಣಮ್ಮ ತಟ್ಟೆಯ ವಿಷಯ ಹೇಳಿ, ಸಿರಿಗೆ ಕಿವಿ ಕೇಳಿಸುತ್ತಿಲ್ಲವೇನೋ ಎಂದರು. ಮಗಳಿಗೆ ಚಪ್ಪಲಿ ಹಾಕುತ್ತಿದ್ದ ರಶ್ಮಿ ತಲೆಯೆತ್ತಿದಳು.

“ಹೋದ ವರ್ಷ ನಾನೇ ಕೇಳಿದ್ನಲ್ಲ ಟೀಚರೇ, ಕೂಗಿದ್ರೆ ತಿರುಗಲ್ಲ, ಡಾಕ್ಟ್ರಿಗೆ ತೋರಿಸ್ಲಾ ಅಂತ. ನೀವೇ ಅಂದ್ರಿ, ಎಂತದೂ ಆಗಿಲ್ಲ, ಎಲ್ಲರಿಗಿಂತ ಚುರುಕಿದಾಳೆ ಅಂತ. ಮನೇಲಿ ಅತ್ತೆಗೂ ನಾನು ಅದನ್ನೇ ಹೇಳಿದ್ದು.”

ನಿಜ, ಹಾಗೇ ಅಂದಿದ್ದರು. ನಕ್ಕು, ರಶ್ಮಿಯ ಬೆನ್ನು ತಟ್ಟಿಯೂ ಕಳಿಸಿದ್ದರು.

ಗುರುವಾರ ರಜೆ ಹಾಕಿ ಅನ್ನಪೂರ್ಣಮ್ಮನೂ ಅವರ ಜೊತೆ ಶಿವಮೊಗ್ಗದ ಕಿವಿ ಡಾಕ್ಟರ ಬಳಿ ಹೋದರು. ಪರೀಕ್ಷೆಯೆಲ್ಲ ಮುಗಿಸಿ ಡಾಕ್ಟರು, “ಹುಟ್ಟಿದಾಗಿಂದ ಇದ್ದದ್ದು ಇದು. ಕಿವಿಗೆ ಮೆಷಿನ್ ಹಾಕ್ಬಹುದು. ಮಾತು ಬರುತ್ತೆ ಅಂತ ಮಾತ್ರ ನಾನು ಹೇಳಲ್ಲ. ತೀರಾ ತಡ ಮಾಡಿದೀರಿ” ಎಂದರು. ಸಿರಿಯ ತಂದೆ ಗಂಗಾಧರ ಚೀಟಿಗಳನ್ನು ಮಡಚಿ ಜೇಬಿಗಿಟ್ಟುಕೊಂಡ. ವಾಪಸು ಬರುವಾಗ ಬಸ್ಸಿನಲ್ಲಿ ಅನ್ನಪೂರ್ಣಮ್ಮನ ಪಕ್ಕದ ಸೀಟು ಖಾಲಿಯಿತ್ತು. ರಶ್ಮಿ ಮಗಳನ್ನೆತ್ತಿಕೊಂಡು ನಿಂತೇ ಬಂದಳು.

ಸೋಮವಾರದಿಂದ ಹಣ್ಣುಗಳ ವಾರ. ಮನೆಯವರು ಸಿರಿಯನ್ನು ಇನ್ನು ಕಳಿಸಲಾರರು ಎಂದು ಟೀಚರ್ ಅಂದುಕೊಂಡಿದ್ದರು. ಬಂದಳು, ಮುಂದೆಯೇ ಕೂತಳು. ಅನ್ನಪೂರ್ಣಮ್ಮ ಕೈಸನ್ನೆ ಮಾಡುತ್ತಾ ಮಾವಿನ ಹಣ್ಣಿನ ಹಾಡು ಎತ್ತಿಕೊಂಡರು. ಎರಡನೇ ಸಾಲಿಗೆ ತುಟಿ ಆಡುತ್ತಿತ್ತು, ದನಿ ಬರಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಹಾಡು ನಿಲ್ಲಿಸಿ ಮುಖ ಮುಖ ನೋಡಿಕೊಂಡರು.

ಸಿರಿ ಮಾತ್ರ ಟೀಚರ್ ತುಟಿಯನ್ನೇ ನೋಡುತ್ತಾ, ಎರಡೂ ಕೈ ದುಂಡಗೆ ಸೇರಿಸಿ ಮಾವಿನ ಹಣ್ಣು ಮಾಡಿ ತೋರಿಸುತ್ತಲೇ ಇದ್ದಳು.