ಹಿತ್ತಿಲಿಂದ ಬಂದ ಉಪ್ಪು

ಬಡಗಿಯ ಬಿ.ಪಿ. ಇಳಿಯಲೇ ಇಲ್ಲ. ಪಾದಗಳು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಹೀಗೇ ಆದರೆ ಕಿಡ್ನಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ ಮೇಲೆ ಅವನ ಹೆಂಡತಿಗೆ ದಿಗಿಲು ಹತ್ತಿತ್ತು. ಉಪ್ಪು ಬಿಡಿಸಿ ಎಂದಿದ್ದರು. ಬಿಡಿಸಿದ್ದಳಲ್ಲ! ಮನೆಯಲ್ಲಿ ಉಪ್ಪೆಂಬುದೇ ಇರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ನರ್ಸಕ್ಕ ಬಂದು ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದಳು.

"ಏನಪ್ಪಾ, ಕದ್ದು ತಿಂತಿದ್ದೀಯಾ?"

"ಕದಿಯೋಕೆ ಉಪ್ಪಿದ್ದರೆ ತಾನೆ ಅಕ್ಕಾ! ಇವಳ ಕಾವಲು ಪೊಲೀಸರದ್ದಕ್ಕಿಂತ ಜೋರು. ಆದ್ರೂ ಉಪ್ಪಿಲ್ಲದೇನೇ ಬಾಯಲ್ಲಿ ನೀರೂರೋ ಹಾಗೆ ಮಾಡ್ತಾಳೆ."

ನರ್ಸಕ್ಕ ತಟ್ಟನೆ ಹೆಂಡತಿಯತ್ತ ತಿರುಗಿದಳು. "ರುಚಿ ಎಲ್ಲಿಂದ ಬಂತೇ?"

ಅವಳು ಹೆಮ್ಮೆಯಿಂದಲೇ ತಂದು ತೋರಿಸಿದಳು. ಸೂಪಿನ ಪುಡಿ, ಸಾಸಿನ ಬಾಟಲಿ, ನೂಡಲ್ಸ್ ಜೊತೆ ಬರುವ ಮಸಾಲೆ ಪೊಟ್ಟಣ. "ತರಕಾರಿ ಬೆಂದ ಮೇಲೆ ಇದನ್ನ ಉದುರಿಸ್ತೀನಿ. ಉಪ್ಪು ಒಂದು ಹರಳೂ ಹಾಕಲ್ಲ, ನನ್ನಾಣೆ."

"ಹಿಂದೆ ಬರೆದಿರೋದನ್ನ ಓದು."

ಅವಳು ಕಣ್ಣು ಕಿರಿದು ಮಾಡಿದಳು. "ಉಪ್ಪು... ಅದೇನೋ ಸೋಡಿಯಂ... ಇನ್ನೊಂದು ಸೋಡಿಯಂ..."

"ಬಿ.ಪಿ. ಏರಿಸೋದು ಉಪ್ಪಲ್ಲಿರೋ ಆ ಸೋಡಿಯಮ್ಮೇ ಕಣೇ. ರುಚಿ ಬರಲಿ, ಕೆಡದಿರಲಿ ಅಂತ ಬೆರೆಸೋದರಲ್ಲೂ ಅದಿರುತ್ತೆ. ಕೆಲವುಗಳಲ್ಲಿ ಫಾಸ್ಫೇಟ್ ಇರುತ್ತೆ, ಸೋತ ಕಿಡ್ನಿಗೆ ಅದೂ ಭಾರ. ನೀನು ಉಪ್ಪನ್ನ ಮುಂಬಾಗಿಲಿಂದ ಓಡಿಸಿ ಹಿತ್ತಿಲಿಂದ ಕರ್ಕೊಂಡು ಬಂದಿದ್ದೀಯ."

"ಹೋಗಕ್ಕಾ! ಅಂಗಡೀಲಿ ರಾಜಾರೋಷವಾಗಿ ಮಾರ್ತಾರೆ. ಊರೆಲ್ಲಾ ತಿನ್ನುತ್ತೆ."

"ಗಟ್ಟಿಮುಟ್ಟಾದವರು ಅಪರೂಪಕ್ಕೆ ತಿನ್ನಲಿ, ಯಾರು ಬೇಡ ಅಂದ್ರು? ಇವನ ಪಾದ ನೋಡು. ಇವನಿಗೆ ದಿನಾ ಹಾಕ್ತಿದ್ದೀಯಲ್ಲೇ."

ಅವಳು ನೋಡಿದಳು. ಕೈಯಲ್ಲಿದ್ದ ಪೊಟ್ಟಣವನ್ನು ಕೆಳಗಿಟ್ಟಳು. "ಅಂದ್ರೆ, ಇಷ್ಟು ದಿನ ನಾನೇ..."

"ಇನ್ನೂ ಸ್ವಲ್ಪ ಉದುರಿಸು ಅಂತಿದ್ದೋನು ನಾನು," ಎಂದ ಬಡಗಿ ಮೆಲ್ಲಗೆ.

ಆ ಸಂಜೆ ಪಲ್ಯಕ್ಕೆ ಬೆಳ್ಳುಳ್ಳಿ, ಮೆಣಸು, ಒಂದಿಷ್ಟು ನಿಂಬೆರಸ, ಅಷ್ಟೆ. ಅವನು ಬಾಯಿಗಿಟ್ಟ. ಅವಳು ಅವನ ಮುಖವನ್ನೇ ನೋಡುತ್ತ ಕಾದಳು.

"ಮರದ ಹೊಟ್ಟು ತಿಂದ ಹಾಗಿದೆ," ಎಂದ. ಆಮೇಲೆ ತಟ್ಟೆಯನ್ನು ಅವಳತ್ತ ಸರಿಸಿ, "ಇನ್ನೊಂಚೂರು ಬಡಿಸು," ಎಂದ.

ಓದುಗರೇ, ಪೊಟ್ಟಣ ಹರಿಯುವ ಮೊದಲು ಅದನ್ನು ತಿರುಗಿಸಿ ನೋಡಿ. ಓದಲು ಬಾರದಿದ್ದರೆ ಓದಿಸಿ ಕೇಳಿ. ಡಾಕ್ಟರು ಉಪ್ಪು ಬಿಡಿ ಎಂದಾಗ ಸುಮ್ಮನೆ ತಲೆಯಾಡಿಸಿ ಎದ್ದು ಬರಬೇಡಿ. ಉಪ್ಪಿನ ಜೊತೆ ಇನ್ನೂ ಏನೇನು ಬಿಡಬೇಕೆಂದು ಅಲ್ಲೇ ಕೇಳಿ. ಬಡಗಿಯ ಹೆಂಡತಿ ಕೇಳಿರಲಿಲ್ಲ.