ಸಲೂನ್ ಕಂಪ್ಯೂಟರಿನ ಹೊಟ್ಟೆ

ಸಿಪಿಯು ಡಬ್ಬದ ಪಕ್ಕದ ಮುಚ್ಚಳ ತೆಗೆದ ಕೂಡಲೇ ಅವಳು ಬೆಳಿಗ್ಗೆ ತಿಂದದ್ದೆಲ್ಲ ಗಂಟಲಿಗೆ ಬಂದು ನಿಂತಿತು. ಒಳಗೆ ಕಂಪ್ಯೂಟರ್ ಕಾಣಲಿಲ್ಲ, ಕೂದಲು ಕಂಡಿತು. ಕರಿ ಕೂದಲು, ನರೆಗೂದಲು, ಬಣ್ಣ ಬಳಿದ ಕೆಂಚು ಕೂದಲು, ಎಲ್ಲ ಧೂಳಿನ ಜೊತೆ ಸೇರಿ ಕಂಬಳಿಯ ಹಾಗೆ ಹೆಣೆದುಕೊಂಡು ಫ್ಯಾನಿನ ರೆಕ್ಕೆಗಳಿಗೆ ಜೋತುಬಿದ್ದಿತ್ತು. ಅದರ ಮೇಲೆ ಜಿಡ್ಡು. ಆ ಜಿಡ್ಡಿಗೆ ಹಳಸಿದ ತಲೆಗೆಣ್ಣೆಯೂ ಶೇವಿಂಗ್ ಕ್ರೀಮೂ ಬೆರೆತ ನಾತ.

"ಛೀ! ಛೀ ಛೀ ಛೀ!"

"ಶುರುವಾಯ್ತು ನೋಡಪ್ಪ," ಎಂದ ಮಾವ, ಬಾಗಿಲಿಗೆ ಒರಗಿ ನಿಂತು. "ಸುಮ್ನೆ ನಿಂಗೆ ಛೀರಾಣಿ ಅಂತ ಹೆಸರಿಟ್ಟಿಲ್ಲ ನಾನು."

"ಮಾವ, ಇದು ಕಂಪ್ಯೂಟರಾ? ಸತ್ತ ಕರಡಿ ಇದ್ದಂಗಿದೆ!"

"ಏಯ್, ನನ್ನ ಗಿರಾಕಿಗಳ ತಲೆ ಅದು. ಸ್ವಲ್ಪ ಮರ್ಯಾದೆ ಕೊಡು."

ಮಾವ, ಎಂದರೆ ಅಮ್ಮನ ತಮ್ಮ, ಸಲೂನ್ ಇಟ್ಟವನು. ಈ ಕಂಪ್ಯೂಟರು ವರ್ಷಗಟ್ಟಲೆ ಆ ಸಲೂನಿನ ಮೂಲೆಯಲ್ಲಿ, ಕತ್ತರಿಸಿದ ಕೂದಲನ್ನು ಗುಡಿಸಿ ಗುಡ್ಡೆ ಹಾಕುವ ಜಾಗದಲ್ಲೇ ನೆಲದ ಮೇಲೆ ಕೂತು ಗಿರಾಕಿಗಳಿಗೆ ಹಾಡು ಹಾಕುತ್ತಿತ್ತು. ಫ್ಯಾನು ಗಾಳಿ ಎಳೆಯಿತು, ಗಾಳಿಯ ಜೊತೆಗೆ ಊರಿನ ಅರ್ಧ ತಲೆಗಳನ್ನೂ ಎಳೆಯಿತು. ಅವಳು ಅನಿಮೇಶನ್ ಕಾಲೇಜು ಸೇರಿದಾಗ ಮಾವ ಅದರ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, "ತಗೋ, ಆನೆ ಇದ್ದಂಗಿದೆ," ಎಂದು ತಂದುಕೊಟ್ಟಿದ್ದ. ಹೊರಗೇನೋ ಒರೆಸಿದ್ದ. ಒಳಗನ್ನು ಯಾರು ನೋಡಿದರು?

ಆ ಆನೆ ನಿನ್ನೆ ಸಂಜೆ ಮಲಗಿತು. ಅವಳ ಕೊನೆಯ ವರ್ಷದ ಬೊಂಬೆಚಿತ್ರದಲ್ಲಿ ಒಂದು ಬೆಕ್ಕು ತಾರಸಿಯಿಂದ ತಾರಸಿಗೆ ಹಾರುತ್ತದೆ. ಬೆಕ್ಕಿನ ಮೈತುಂಬ ರೋಮ, ಒಂದೊಂದು ರೋಮವೂ ಗಾಳಿಗೆ ಅಲ್ಲಾಡಬೇಕು. ಅಷ್ಟು ರೋಮವನ್ನು ಚಿತ್ರಕ್ಕಿಳಿಸುವ ತಾಕತ್ತು ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಇರಲಿಲ್ಲ. ಗೆಳತಿಯೊಬ್ಬಳು ತನ್ನ ದೊಡ್ಡ ಕಾರ್ಡನ್ನು ನಾಲ್ಕು ದಿನದ ಮಟ್ಟಿಗೆ ಕೊಟ್ಟಳು. ಮಾತುಮಾತಿಗೆ ಸಿಡಿಯುವುದರಿಂದ ಇಡೀ ಕ್ಲಾಸು ಆ ಗೆಳತಿಯನ್ನು ಫ್ಯೂಸ್ ಎಂದೇ ಕರೆಯುತ್ತಿತ್ತು. ಕೊಡುವಾಗಲೂ ಸಿಡಿದೇ ಕೊಟ್ಟಿದ್ದಳು: "ಮೊದ್ಲು ಆ ಮುದಿ ಪವರ್ ಸಪ್ಲೈ ಕಿತ್ತಾಕಿ ಹೊಸದು ಹಾಕು. ಆಮೇಲೆ ಕಾರ್ಡು. ಉಲ್ಟಾ ಮಾಡಿದ್ಯೋ, ನಿನ್ನ ಸುಮ್ನೆ ಬಿಡಲ್ಲ." ಪವರ್ ಸಪ್ಲೈ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಅಂಗಾಂಗಗಳಿಗೆಲ್ಲ ಅಳೆದು ಹಂಚುವ ಪೆಟ್ಟಿಗೆ. ಹೊಸ ಪೆಟ್ಟಿಗೆ ಬರುವ ಮೊದಲೇ ಹಳೆಯದು ಕೈಕೊಟ್ಟಿತು. ಈಗ ಗುಂಡಿ ಒತ್ತಿದರೆ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು.

ಬೆಕ್ಕು ಇದ್ದದ್ದು ಅದೇ ಡಬ್ಬದೊಳಗಿನ ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿ. ಇನ್ನೆಲ್ಲೂ ಇರಲಿಲ್ಲ. ಕಾಪಿ ಇಟ್ಟುಕೋ ಎಂದು ಹೇಳದವರಿಲ್ಲ, ನಾಳೆ ಇಡ್ತೀನಿ ಎಂದು ಅವಳು ಹೇಳದ ದಿನವಿಲ್ಲ. ಈಗ ನಾಳೆ ಎಂದರೆ ಕಾಲೇಜಿನಲ್ಲಿ ಚಿತ್ರ ತೋರಿಸುವ ದಿನ.

ಅವಳು ಮೂಗಿಗೆ ದುಪಟ್ಟಾ ಬಿಗಿದುಕೊಂಡಳು. ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದಳು. ಅಡುಗೆಮನೆಯಿಂದ ಇಕ್ಕಳ ತಂದಳು.

"ಅದು ನನ್ನ ಹಾಲಿನ ಪಾತ್ರೆ ಇಳಿಸೋ ಇಕ್ಕಳ ಕಣೇ!" ಅಮ್ಮ ಒಳಗಿಂದ ಕೂಗಿದರು.

"ಇನ್ಮೇಲೆ ಅಲ್ಲಮ್ಮ. ಇನ್ಮೇಲೆ ಇದನ್ನ ಹೂತುಹಾಕ್ಬೇಕು."

ಸ್ಕ್ರೂ ಬಿಚ್ಚಿ ಹಳೆಯ ಪೆಟ್ಟಿಗೆಯನ್ನು ಇಕ್ಕಳದಲ್ಲಿ ಕಚ್ಚಿ ಎಳೆದಳು. ಬರಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಪೆಟ್ಟಿಗೆ ಕೂದಲಿನ ಬಾಲ ಸಮೇತ ಹೊರಬಂದು ಮಗ್ಗುಲಿಗೆ ಉರುಳಿತು. ಅದರ ಜಾಲರಿಯಿಂದ ನೆಲಕ್ಕೆ ಏನೇನೋ ಉದುರಿತು: ಅರ್ಧಚಂದ್ರದ ಉಗುರಿನ ಚೂರುಗಳು, ಕಂದು ಕಲೆಯ ಹತ್ತಿ ಉಂಡೆ, ಮತ್ತೆ ಎರಡು ಜಿರಳೆ. ಒಂದು ಸತ್ತದ್ದು. ಇನ್ನೊಂದು ಸಂಸಾರಸ್ಥ, ಓಡಿಹೋಯಿತು, ಮೊಟ್ಟೆಚೀಲ ಬಿಟ್ಟು.

"ಉಗುರು! ಮಾವ, ಯಾರ ಉಗುರು ಇದು?"

"ನಾನೇನು ಹೆಸರು ಬರೆದಿಟ್ಕೊಂಡಿದ್ದೀನಾ?"

"ಛೀ, ನೀನು ಮನುಷ್ಯನಾ!"

"ಇಷ್ಟು ವರ್ಷ ಇದೇ ಗಾಳಿ ಮುಂದೆ ಕೂತು ಬೆಕ್ಕು ಬರೆದ್ಯಲ್ಲ, ಆಗೇನೂ ಆಗ್ಲಿಲ್ವಾ?"

ಅವಳಿಗೆ ಅದು ಹೊಳೆದೇ ಇರಲಿಲ್ಲ. ಡಬ್ಬದ ಹಿಂದಿನಿಂದ ಬೆಚ್ಚಗೆ ಬರುತ್ತಿದ್ದ ಗಾಳಿಗೆ ಚಳಿಯ ದಿನಗಳಲ್ಲಿ ಕಾಲು ಚಾಚಿ ಕೂರುತ್ತಿದ್ದುದು ನೆನಪಾಯಿತು. ಎರಡೂ ಪಾದಗಳು ತನ್ನವಲ್ಲ ಅನ್ನಿಸಿ, ಕುರ್ಚಿಯ ಮೇಲೆ ಮಡಚಿಟ್ಟುಕೊಂಡಳು.

ಹೊಸ ಪೆಟ್ಟಿಗೆ ಅಂದು ಬೆಳಿಗ್ಗೆಯಷ್ಟೇ ಹೊಳೆಯುತ್ತ ಬಂದಿತ್ತು, ಜೊತೆಗೆ ಚೀಲದ ತುಂಬ ಹೊಸ ವೈರುಗಳು. ಮುಂದಿನಿಂದಲೇ ಕೈಗೆ ಸಿಗುವ ದಪ್ಪ ವೈರುಗಳನ್ನೆಲ್ಲ ಅವಳು ಹೊಸದಾಗಿಯೇ ಹಾಕಿದಳು. ಉಳಿದದ್ದು ಒಂದು. ಡಿವಿಡಿ ಡ್ರೈವಿಗೂ ಹಾರ್ಡ್ ಡಿಸ್ಕಿಗೂ ಕರೆಂಟು ಒಯ್ಯುವ ಆ ಒಂದು ವೈರು ಒಳಗಿನ ಸರ್ಕ್ಯೂಟ್ ಬೋರ್ಡಿನ ಹಿಂದೆ ಹಾದುಹೋಗಿತ್ತು, ಮತ್ತು ಅಲ್ಲಿ ಕೂದಲಿನ ಮೆತ್ತೆಯೊಳಗೆ ಮೊಟ್ಟೆಚೀಲಗಳ ಸಾಲೇ ಇತ್ತು. ಕಂದು ಬಣ್ಣ, ಉಬ್ಬಿದ ಹೊಟ್ಟೆ. ಒಂದು ಅಲ್ಲಾಡಿದ ಹಾಗೆ ಕಂಡಿತು.

"ಸತ್ರೂ ಅಲ್ಲಿಗೆ ಕೈ ಹಾಕಲ್ಲ," ಎಂದಳು.

ಹಳೆಯ ಪೆಟ್ಟಿಗೆಯ ವೈರುಗಳು ಎರಡೂ ತುದಿಯಲ್ಲಿ ಕಳಚುವಂಥವು. ಆ ಒಂದು ವೈರಿನ ಪೆಟ್ಟಿಗೆಯತ್ತಣ ತುದಿ ಎಳೆದಾಟದಲ್ಲಿ ಕಳಚಿ ಆಚೆ ನೇತಾಡುತ್ತಿತ್ತು. ಅವಳು ಅದನ್ನು ಇಕ್ಕಳದಲ್ಲಿ ಹಿಡಿದು ಹೊಸ ಪೆಟ್ಟಿಗೆಯ ತೂತಿಗೆ ಒಡ್ಡಿದಳು. ಟಕ್ ಎಂದು ಕೂತಿತು. ಆಹಾ! ಒಳಗಿನ ಗಲೀಜನ್ನು ಮುಟ್ಟುವುದೇ ಬೇಡ. ಜಗ್ಗಾಟದಲ್ಲಿ ಡಿಸ್ಕಿನ ಬಳಿಯ ಪ್ಲಗ್ಗು ಸಡಿಲವಾಗಿತ್ತು. ಅದನ್ನು ದೂರದಿಂದಲೇ, ಸ್ಕೇಲಿನ ತುದಿಯಿಂದ, ಮುಖ ಆಚೆ ತಿರುಗಿಸಿ ಒಳಕ್ಕೆ ನೂಕಿದಳು. ಕೂತಂತೆ ಅನ್ನಿಸಿತು. ಬಗ್ಗಿ ನೋಡುವ ಧೈರ್ಯ ಆಗಲಿಲ್ಲ. ಕೊನೆಗೆ ಫ್ಯೂಸಳ ಕಾರ್ಡನ್ನು ಕೂರಿಸಿದಳು.

"ಹಾಕು ಸ್ವಿಚ್ಚು," ಎಂದಳು ಮಾವನಿಗೆ.

ಹೊಸ ಪೆಟ್ಟಿಗೆ ಗುಂಯ್ ಎಂದಿತು. ಕಾರ್ಡಿನ ಫ್ಯಾನುಗಳು ತಿರುಗಿದವು. ಅವಳು ಚಪ್ಪಾಳೆ ತಟ್ಟಲು ಕೈ ಎತ್ತಿದಳು, ಅಷ್ಟರಲ್ಲಿ ಪಟ್ ಎಂದಿತು. ಡಿವಿಡಿ ಡ್ರೈವಿನ ಸೀಳಿನಿಂದ ಹೊಗೆಯ ಎಳೆ ಎದ್ದಿತು. ಸುಟ್ಟ ಪ್ಲಾಸ್ಟಿಕ್ಕು, ಅದರ ಹಿಂದೆಯೇ ಸುಟ್ಟ ಕೂದಲು.

"ಮಾವ! ಆಫ್! ಆಫ್ ಮಾಡು!"

ಮಾವ ಪ್ಲಗ್ಗನ್ನೇ ಗೋಡೆಯಿಂದ ಕಿತ್ತ. ಅಮ್ಮ ಸೌಟು ಹಿಡಿದೇ ಓಡಿಬಂದರು. ಅವಳು ಆಗಲೇ ಫ್ಯೂಸಳಿಗೆ ವಿಡಿಯೊ ಕಾಲ್ ಮಾಡಿದ್ದಳು.

"ಹೊಗೆ ಬಂತು ಕಣೇ! ಡಿವಿಡಿಯಿಂದ!"

"ವೈರ್ ತೋರ್ಸು." ಫ್ಯೂಸ್ ಕಣ್ಣು ಕಿರಿದಾಗಿಸಿದಳು. "ಆ ಕೊಳಕು ವೈರ್ ಯಾವ್ದು? ಹೊಸ ಪೆಟ್ಟಿಗೆ ಜೊತೆ ಅದು ಬಂತಾ?"

"ಇಲ್ಲ... ಹಳೇದು. ಸರಿಯಾಗಿ ಕೂತ್ಕೊಂಡ್ತು."

"ಅಯ್ಯೋ ಕತ್ತೆ! ಕೂತ್ಕೊಂಡ್ರೆ ಆಗೋಯ್ತಾ? ಒಂದೊಂದು ಕಂಪನಿಯೋರು ಒಂದೊಂದು ಥರ ತಂತಿ ಜೋಡಿಸಿರ್ತಾರೆ. ಹೊರಗಿಂದ ಎಲ್ಲ ಒಂದೇ ಥರ ಕಾಣತ್ತೆ. ಐದು ವೋಲ್ಟ್ ಹೋಗೋ ತಂತೀಲಿ ಹನ್ನೆರಡು ಹೋಗಿರತ್ತೆ. ಅದೇ ವೈರಲ್ಲಿ ಇನ್ನೇನಿದೆ?"

"ಡಿಸ್ಕು," ಎಂದಳು ಅವಳು. "ಬೆಕ್ಕು."

ಫ್ಯೂಸ್ ಕೂಡ ಸಿಡಿಯಲಿಲ್ಲ.

"ಟಾರ್ಚ್ ಹಾಕಿ ಡಿಸ್ಕ್ ಹತ್ರ ನೋಡು," ಎಂದಳು.

ಅವಳು ಫೋನಿನ ಬೆಳಕು ಬಿಟ್ಟು, ಮೊದಲ ಸಲ, ಮುಖ ತಿರುಗಿಸದೆ ನೋಡಿದಳು. ಸ್ಕೇಲಿನಿಂದ ನೂಕಿದ ಪ್ಲಗ್ಗು ಒಳಗೆ ಹೋಗಿರಲೇ ಇಲ್ಲ. ಪ್ಲಗ್ಗಿಗೂ ಡಿಸ್ಕಿಗೂ ನಡುವೆ ಕೂದಲಿನ ಗಟ್ಟಿ ಬಿರಡೆಯೊಂದು ಹಿಸುಕಿಕೊಂಡು ಕೂತಿತ್ತು. ನರೆತದ್ದು, ಗುಂಗುರು, ಜಿಡ್ಡಿನಿಂದ ಮೆತ್ತಿದ್ದು.

"ಪಿನ್ ತಾಗಿಲ್ಲ. ಮಧ್ಯ ಕೂದ್ಲು ಇದೆ."

"ಏನಿದೆ?"

"ಕೂದ್ಲು ಕಣೇ! ಯಾವನೋ ಮುದುಕಂದು!"

"ಹಂಗಾದ್ರೆ ಡಿಸ್ಕ್ ಬದುಕಿರತ್ತೆ. ಬದುಕಿರ್ಬಹುದು. ಆ ವೈರ್ ಪೂರ್ತಿ ಕಿತ್ತಾಕು, ಹೊಸದು ಎಳಿ. ಡಿಸ್ಕಲ್ಲಿ ಪ್ಲಗ್ ಹೋಗೋ ಬಾಯಲ್ಲಿ ಒಂದೆಳೆ ಕೂದ್ಲೂ ಉಳೀಬಾರ್ದು. ಇಕ್ಕಳ ಗಿಕ್ಕಳ ಹಾಕ್ಬೇಡ, ಆ ಬಾಯಿ ಮುರಿದ್ರೆ ಕಥೆ ಮುಗೀತು. ಆ ಚೀಲಾನೂ ಬಿಚ್ಚು. ಬರೀ ಬೆರಳು."

"ಬರೀ...?"

"ಬರೀ ಬೆರಳು."

ಮಾವ ತೋಳು ಮಡಚಿದ. "ಸರ್ಕೋ ಆಕಡೆ. ಕೂದ್ಲು ನಂಗೇನು ಹೊಸದಾ? ಒಂದ್ಸಲ ಹಿಡಿದು ಜಗ್ಗಿದ್ರೆ ಎಲ್ಲ ಬರತ್ತೆ."

"ಜಗ್ಗೋದಾ!" ಅವಳು ಡಬ್ಬಕ್ಕೆ ಅಡ್ಡ ನಿಂತಳು. "ಮುಟ್ಬೇಡ ಮಾವ. ನನ್ನ ಬೆಕ್ಕು ಅದು. ನಾನೇ ತೆಗೀತೀನಿ."

ಪ್ಲಾಸ್ಟಿಕ್ ಚೀಲ ಬಿಚ್ಚಿದಳು. ಉಸಿರು ಕಟ್ಟಿ, ಬೋರ್ಡಿನ ಹಿಂದಕ್ಕೆ ಕೈ ತೂರಿಸಿದಳು. ಬೆಚ್ಚಗಿತ್ತು. ಬೆಚ್ಚಗಿರುತ್ತದೆ ಎಂದು ಅವಳು ಎಣಿಸಿರಲಿಲ್ಲ, ಅದೇ ಎಲ್ಲಕ್ಕಿಂತ ಅಸಹ್ಯವಾಗಿತ್ತು. ಕೂದಲಿನ ಮೆತ್ತೆ ಬೆರಳ ಸಂದಿಗೆ ಸುತ್ತಿಕೊಂಡಿತು. ಮೊಟ್ಟೆಚೀಲವೊಂದು ಹೆಬ್ಬೆರಳಡಿ ಪಚಕ್ಕೆಂದಿತು. ಅವಳ ಬಾಯಿಂದ ಬಂದ ಸದ್ದು ಛೀ ಕೂಡ ಆಗಿರಲಿಲ್ಲ. ಸಣ್ಣ ಕಾಲುಗಳು ಮುಂಗೈ ಮೇಲೆ ಹತ್ತಿ ಮೊಣಕೈ ತನಕ ಬಂದು, ಏನೋ ಯೋಚಿಸಿ, ಇಳಿದುಹೋದವು. ಕೈ ಕೊಡವುವ ಹಾಗಿರಲಿಲ್ಲ, ಬೆರಳು ಪ್ಲಗ್ಗಿನ ಮೇಲಿತ್ತು.

"ಅಳ್ತಿದೀಯಾ?" ಎಂದಳು ಫ್ಯೂಸ್.

"ವಾಂತಿ ತಡ್ಕೊಂಡಿದೀನಿ. ಮಾತಾಡಿಸ್ಬೇಡ."

ಹಳೆಯ ವೈರು ಹಾವಿನ ಪೊರೆಯ ಹಾಗೆ ಈಚೆ ಬಂತು. ಡಿಸ್ಕಿನ ಬಾಯೊಳಗಿನ ಬಿರಡೆಯನ್ನು ಅವಳು ಉಗುರ ತುದಿಯಿಂದ ಎಳೆಎಳೆಯಾಗಿ ಬಿಡಿಸಿದಳು. ಒಂದು ಎಳೆ ಬೆರಳಿಗಂಟಿ ಬಿಡದೆ ಹೋದಾಗ ತನ್ನ ಚೂಡಿದಾರಕ್ಕೇ ಒರೆಸಿದಳು. ಆ ಬಟ್ಟೆಯನ್ನು ಇನ್ನು ಸುಡಬೇಕಾಗುತ್ತದೆ. ಕೊನೆಗೆ ಡಿಸ್ಕಿನ ಬಾಯಿ ಶುಚಿಯಾಗಿ ಹೊಳೆಯಿತು. ಎರಡೆರಡು ಸಲ ನೋಡಿ, ಹೊಸ ವೈರನ್ನು ಕೈಯಿಂದಲೇ ಒತ್ತಿ ಕೂರಿಸಿದಳು. ಸುಟ್ಟ ಡಿವಿಡಿಯನ್ನು ಯಾರೂ ವಿಚಾರಿಸಲಿಲ್ಲ.

ಮಾವ ಸ್ವಿಚ್ಚು ಹಾಕಿದ. ಫ್ಯಾನುಗಳ ಸದ್ದಿನ ಅಡಿಯಲ್ಲಿ ಸಣ್ಣಗೆ, ಹಳೆಯ ಗಂಟಲು ಸರಿಮಾಡಿಕೊಂಡಂತೆ, ಡಿಸ್ಕು ತಿರುಗಲಾರಂಭಿಸಿತು. ಪರದೆಯ ಮೇಲೆ ಬೆಕ್ಕಿನ ಫೋಲ್ಡರ್ ಕಂಡಿತು. ತೆರೆಯಿತು. ಎಲ್ಲ ಇತ್ತು.

"ಇದೆ!" ಎಂದು ಕಿರುಚಿದಳು. ಫೋನಿನೊಳಗಿಂದ ಫ್ಯೂಸ್ ಅದಕ್ಕಿಂತ ಜೋರಾಗಿ ಕಿರುಚಿ, "ಈಗ ಕೈ ತೊಳ್ಕೊಳೇ, ನೋಡೋಕಾಗ್ತಿಲ್ಲ!" ಎಂದಳು.

"ಮೊದ್ಲು ಕಾಪಿ. ಮಾವ, ಆ ಪೆನ್‌ಡ್ರೈವ್ ಚುಚ್ಚು. ನಂಗೆ ಮುಟ್ಟೋಕಾಗಲ್ಲ. ಈಗ ಮೌಸು ಎಡಕ್ಕೆ. ಇನ್ನೂ ಎಡಕ್ಕೆ. ಒತ್ತು."

ಹಸಿರು ಪಟ್ಟಿ ಪರದೆಯ ಮೇಲೆ ಇಷ್ಟಿಷ್ಟೇ ತುಂಬತೊಡಗಿತು.

"ಬಚ್ಚಲಲ್ಲಿ ಬಿಸಿನೀರಿದೆ," ಎಂದರು ಅಮ್ಮ. "ಹೋಗೇ ಮೊದ್ಲು. ನೋಡಿದ್ರೆ ನಂಗೇ ಮೈಯೆಲ್ಲ ಕೆರೆಯತ್ತೆ."

"ತುಂಬ್ಲಿ ಇದು."

ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿಕೊಂಡು, ಬೆರಳಿಗೆ ಬೆರಳು ತಾಗದಂತೆ ಅಗಲಿಸಿಕೊಂಡು ಅವಳು ಹಾಗೇ ನಿಂತಳು. ಅದೇ ಹೊತ್ತಿಗೆ ಮೂಗಿನ ತುದಿ ಕೆರೆಯಲು ಶುರುವಾಯಿತು.