ಮಗಳು ಬೇರೆ ಕೊಳದಲ್ಲಿ

ಆ ಊರಿನ ಅರ್ಧದಷ್ಟು ಮಕ್ಕಳಿಗೆ ಈಜು ಕಲಿಸಿದವಳು ಅವಳು. ಎಲ್ಲರ ಬಾಯಲ್ಲೂ ಟೀಚರಮ್ಮ. ಹಿಂದೆ ಅವಳ ಕೈಯಲ್ಲಿ ಕಲಿತವರು ಈಗ ತಮ್ಮ ಮಕ್ಕಳನ್ನು ಕೈಹಿಡಿದು ಕರೆತರುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಎದೆಮಟ್ಟದ ನೀರಲ್ಲಿ ನಿಂತು, ಯಾವುದೋ ಪುಟ್ಟ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, "ಒದೀ, ಒದೀ" ಅನ್ನುವುದೇ ಅವಳ ಬದುಕು. ಜನ ರಜೆಯಿದ್ದಾಗಲೇ ಕೊಳಕ್ಕೆ ಬರುವುದರಿಂದ ಅವಳಿಗೆ ರಜೆಯೆಂಬುದೇ ಇರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮಗಳು ಬೆಳೆದದ್ದೂ ಆ ಕೊಳದ ದಡದಲ್ಲೇ. ಶಾಲೆ ಬಿಟ್ಟು ನೇರ ಅಲ್ಲಿಗೆ ಬಂದು, ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಒಮ್ಮೆ ಕಾಲುಜಾರಿ ಬಿದ್ದು ನೀರು ಕುಡಿದವಳು ಮತ್ತೆ ಇಳಿದಿರಲಿಲ್ಲ. ಈ ಬ್ಯಾಚ್ ಮುಗಿಯಲಿ, ನಿನಗೂ ಕಲಿಸ್ತೀನಿ ಅಂತ ತಾಯಿ ಹೇಳುತ್ತಲೇ ಇದ್ದಳು. ಒಂದು ಬ್ಯಾಚ್ ಮುಗಿಯುವಷ್ಟರಲ್ಲಿ ಇನ್ನೊಂದು ಟವಲ್ ಹೊದ್ದು ನಿಂತಿರುತ್ತಿತ್ತು. ಮಗಳು ದೊಡ್ಡವಳಾದಳು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಗೆಳತಿಯ ಜೊತೆ ಬೇರೆ ರೂಮು ಮಾಡಿಕೊಂಡಳು. ಯಾವಾಗಲಾದರೂ ಬಂದು ಉಂಡು ಹೋಗುತ್ತಿದ್ದಳು. ಅವಳು ಚಪ್ಪಲಿ ಮೆಟ್ಟುವಾಗಲೇ ತಾಯಿಗೆ ಮಾತಾಡಬೇಕಾದದ್ದೆಲ್ಲ ನೆನಪಾಗುತ್ತಿತ್ತು.

ಊರಾಚೆ ಇನ್ನೊಂದು ಕೊಳವಿತ್ತು. ಅಲ್ಲಿನ ಕೋಚ್ ಟೀಚರಮ್ಮನ ಹಳೇ ಶಿಷ್ಯ. ಒಂದು ದಿನ ಅವನು ತೇಲುಹಲಗೆ ಕೇಳಿಕೊಂಡು ಬಂದವನು, ಹೊರಡುವಾಗ ನಗುತ್ತಾ ಅಂದ: "ನಿಮ್ಮ ಮಗಳು ಪರವಾಗಿಲ್ಲ ಟೀಚರಮ್ಮ, ಗುರುವಾರ ಗುರುವಾರ ನಮ್ಮ ಕೊಳಕ್ಕೆ ಬಂದು ಇಳೀತಾಳೆ. ಗೋಡೆ ಮಾತ್ರ ಬಿಡಲ್ಲ."

ಅವಳು ಗೊತ್ತಿದ್ದವಳ ಹಾಗೆ ತಲೆಯಾಡಿಸಿದಳು. ಅವತ್ತಿನ ತರಗತಿಯಲ್ಲಿ ಒಂದು ಹುಡುಗಿ ಮೆಲ್ಲಗೆ, "ಟೀಚರಮ್ಮ, ಕೈ ಬಿಡಿ, ನಾನು ಆಗ್ಲೇ ತೇಲ್ತಿದೀನಿ" ಅಂದಾಗಲೇ ಅವಳಿಗೆ ಎಚ್ಚರ.

ಮಗಳಿಗೆ ಫೋನ್ ಮಾಡಲಿಲ್ಲ. ತನ್ನ ಕೊಳದ ಮ್ಯಾನೇಜರ್ ಹತ್ತಿರ ಹೋಗಿ ಗುರುವಾರ ರಜೆ ಬೇಕು ಅಂದಳು. ಅವರು ಗಾಬರಿಯಾಗಿ ಡಾಕ್ಟರ್ ಏನಂದರು ಅಂತ ವಿಚಾರಿಸಿದರು. ಏನೂ ಆಗಿಲ್ಲ ಅಂದಮೇಲೆ ಅವರಿಗೆ ಗಾಬರಿ ಇನ್ನೂ ಹೆಚ್ಚಾಯಿತು.

ಗುರುವಾರ ಸಂಜೆ ಊರಾಚೆಯ ಕೊಳದ ಬೆಂಚುಗಳ ಮೇಲಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಹೋಗಿ ಕೂತಳು. ಕಪ್ಪು ಟೋಪಿ ಹಾಕಿಕೊಂಡು ಮಗಳು ಬಂದಳು. ಏಣಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಅಂಚಿಗೆ ಅಂಟಿಕೊಂಡಳು. ಭುಜ ಕಿವಿಯವರೆಗೆ ಬಿಗಿದಿತ್ತು. ಗದ್ದ ಎತ್ತು, ಉಸಿರು ಬಿಡು ಅನ್ನುವ ಮಾತು ಟೀಚರಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಕೋಚ್ ಬೇರೆಯವರ ಕಡೆ ಹೋದಾಗ ಮಗಳು ಸುಮ್ಮನೆ ತಲೆಯೆತ್ತಿ ನೋಡಿದಳು. ಕಣ್ಣು ಕೂಡಿತು.

ತಾಯಿ ಇಳಿದು ಹೋಗಿ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಕೆಲಸ ಇರ್ಲಿಲ್ವಾ?" ಮಗಳು ಕೇಳಿದಳು.

"ರಜೆ ಹಾಕ್ದೆ."

"ಮೈ ಹುಷಾರಿಲ್ವಾ?"

"ಚೆನ್ನಾಗಿದೀನಿ. ನನ್ನ ಹತ್ರ ಕೇಳ್ಬಹುದಿತ್ತಲ್ಲ ಮಗಾ."

ಮಗಳು ಟೋಪಿ ಸರಿಮಾಡಿಕೊಂಡಳು. "ಕೇಳಿದ್ರೆ ನೀನು ಕಲಿಸ್ತಿದ್ದೆ. ನಾನೂ ಒಂದು ಬ್ಯಾಚ್‌ನಲ್ಲಿ ನಿಂತ್ಕೋತಿದ್ದೆ. ಊರಿನವರ ಜೊತೆಯೆಲ್ಲ ನಿನ್ನ ಹಂಚ್ಕೊಂಡು ಸಾಕಾಗಿದೆ ಅಮ್ಮ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಾಯಿಗೆ ಸುಲಭವಾಗುತ್ತಿತ್ತು. ಅವಳು ಎದ್ದುಹೋಗಿ, ಸದಾ ಬ್ಯಾಗಿನಲ್ಲಿರುವ ಈಜುಡುಗೆ ಹಾಕಿಕೊಂಡು ಬಂದು ಮಗಳ ಪಕ್ಕ ನೀರಿಗಿಳಿದಳು. ಇಬ್ಬರೂ ಅಂಚು ಹಿಡಿದು ನಿಂತರು. ಅಂಗಡಿಯ ಮಾತು ಬಂತು, ಕನ್ನಡಕ ಮೂಗಿನ ಮೇಲಿಟ್ಟುಕೊಂಡೇ ಕಳೆದುಹೋಯಿತೆಂದು ಹುಡುಕುವ ಅಜ್ಜನ ಮಾತು ಬಂತು. ತಾಯಿ ಎಷ್ಟು ನಕ್ಕಳೆಂದರೆ ಕೋಚ್ ತಿರುಗಿ ನೋಡಿದ. ಮಗಳ ಗೆಳತಿಯ ಹೆಸರು ಅವಳಿಗೆ ತಿಳಿದದ್ದೇ ಅವತ್ತು.

ಆಮೇಲೆ ಮಗಳೇ, "ಬೆನ್ನ ಕೆಳಗೆ ಕೈ ಕೊಡ್ತೀಯಾ?" ಅಂದಳು.

ಎಷ್ಟೋ ಮಕ್ಕಳನ್ನು ಎತ್ತಿ ಹಿಡಿದಿದ್ದ ಕೈಗಳು ಅವು. ಈ ಮೈಯ ಭಾರ ಮಾತ್ರ ಮರೆತುಹೋಗಿತ್ತು. ಕಂಕುಳಲ್ಲಿ ಇರುವಾಗ ಎತ್ತಿದ್ದಷ್ಟೇ. ಮಗಳು ಒಂದು ಕೈ ಬಿಟ್ಟಳು, ತಡೆದು ಇನ್ನೊಂದನ್ನೂ ಬಿಟ್ಟಳು. ಕಣ್ಣು ಮುಚ್ಚಿಕೊಂಡು ಕೆಲವು ಉಸಿರಿನಷ್ಟು ಹೊತ್ತು ತೇಲಿದಳು. ಆಮೇಲೆ ನೀರು ಕುಡಿದು, ಕೆಮ್ಮುತ್ತಾ ತಾಯಿಯ ಕುತ್ತಿಗೆಗೆ ಜೋತುಬಿದ್ದಳು.

ಅಲ್ಲಿಂದ ಮುಂದೆ ಪ್ರತಿ ಗುರುವಾರ ಅವಳಿಗೆ ರಜೆ. ಮ್ಯಾನೇಜರ್ ಕೆಲವು ದಿನ ಮುಖ ಗಂಟುಹಾಕಿಕೊಂಡು, ಆಮೇಲೆ ಸುಮ್ಮನಾದರು. ಮಗಳು ಹೆಚ್ಚಿನ ವಾರ ಬರುತ್ತಾಳೆ. ಕೆಲವೊಮ್ಮೆ ಅಂಗಡಿಯಲ್ಲಿ ಬಿಡುವುದಿಲ್ಲ. ಬರ್ತೀನಿ ಅಂದವಳು ಬರುವುದಿಲ್ಲ. ಆಗ ತಾಯಿ ಒಬ್ಬಳೇ ನೀರಿಗಿಳಿದು ಅಂಗಾತ ಮಲಗುತ್ತಾಳೆ. ಕಿವಿ ಮುಳುಗಿದಾಗ ಗದ್ದಲವೆಲ್ಲ ದೂರವಾಗುತ್ತದೆ, ಬಾಗಿಲು ತೆರೆದ ಸದ್ದೂ ಕೇಳಿಸುವುದಿಲ್ಲ. ಅದಕ್ಕೇ ಆಗಾಗ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾಳೆ.